ಒಂದು ಅಭ್ಯಾಸ ಪಾಠ ಕಾಲುದಾರಿಯಲ್ಲಿ ನಡೆಯಲಿ

ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠೋಪಕರಣಗಳಲ್ಲಿ ಕಾಡಿನ ಚಿತ್ರಪಟ ಇಲ್ಲದಿರುವುದು ಅಪರೂಪ. ಡ್ರಾಯಿಂಗ್ ಶೀಟಿನ ಮೇಲೆ ಹಸಿರು ಮರಗಳು, ಒಂದು ಹುಲಿ, ಒಂದು ಆನೆ, ಮೂಲೆಯಲ್ಲಿ ಜಲಪಾತ. ಆ ಪಟ ತೂಗುಹಾಕಿದ ಗೋಡೆಯ ಹಿಂದೆ ಗೋಮಾಳ, ಅದರಾಚೆ ಗುಡ್ಡ, ಗುಡ್ಡದ ಮಗ್ಗುಲಲ್ಲಿ ಕಾನು. ಮಕ್ಕಳಲ್ಲಿ ಕೆಲವರು ಬೆಳಿಗ್ಗೆ ಅದೇ ದಾರಿಯಲ್ಲಿ ನಡೆದು ಬಂದಿರುತ್ತಾರೆ. ಪಾಠ ಚೆನ್ನಾಗಿಯೇ ಆಗುತ್ತದೆ, ‘ಪಾಠೋಪಕರಣಗಳ ಬಳಕೆ’ಗೆ ಒಳ್ಳೆಯ ಅಂಕವೂ ಬೀಳುತ್ತದೆ. ಆದರೂ ನನ್ನದೊಂದು ಬೇಡಿಕೆಯಿದೆ. ಇಂಟರ್ನ್‌ಶಿಪ್ಪಿನ ಅಭ್ಯಾಸ ಪಾಠಗಳಲ್ಲಿ ಕನಿಷ್ಠ ಒಂದಾದರೂ ಊರಿನ ಕಾಲುದಾರಿಯ ಮೇಲೆ ನಡೆಯಬೇಕು. ಅದನ್ನು ಹೊರಸಂಚಾರ ಎಂದು ಬದಿಗಿಡದೆ ಪಾಠವೆಂದೇ ಎಣಿಸಿ ಅಂಕ ಕೊಡಬೇಕು.

ಇದಕ್ಕೆ ಹೊಸ ಆದೇಶವೇನೂ ಬೇಕಿಲ್ಲ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಬೆಸೆಯಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಮಾರ್ಗದರ್ಶಿ ತತ್ವ. ಅದನ್ನು ನಾವು ಪರೀಕ್ಷೆಯಲ್ಲಿ ಪ್ರಶ್ನೆಯಾಗಿ ತಪ್ಪದೆ ಕೇಳುತ್ತೇವೆ. 2014ರ ಎನ್‌ಸಿಟಿಇ ನಿಯಮಾವಳಿ ಬಿ.ಇಡಿ. ಕೋರ್ಸನ್ನು ಎರಡು ವರ್ಷಕ್ಕೆ ಹಿಗ್ಗಿಸಿ, ಶಾಲೆಗಳಲ್ಲಿ ಕಳೆಯಬೇಕಾದ ಅವಧಿಯನ್ನು ಕನಿಷ್ಠ 20 ವಾರ ಮಾಡಿತು. ಅಷ್ಟು ವಾರ ಹಳ್ಳಿಗೆ ಹೋಗಿಬಂದೂ ಬಸ್ ಸ್ಟ್ಯಾಂಡಿನಿಂದ ಶಾಲೆಯವರೆಗಿನ ಡಾಂಬರು ರಸ್ತೆಯೊಂದನ್ನೇ ಕಂಡು ಮರಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಈ ಎರಡು ತಾಲ್ಲೂಕುಗಳು ಮಲೆನಾಡು ಬಯಲಿಗೆ ಇಳಿಯುವ ಜಾಗದಲ್ಲಿವೆ. ಸೊರಬದ ಪಶ್ಚಿಮಕ್ಕೆ, ಚಂದ್ರಗುತ್ತಿಯ ಕಡೆಗೆ, ಮಳೆ ಹೆಚ್ಚು, ವರ್ಷವಿಡೀ ಹಸಿರಾಗಿರುವ ಕಾನುಗಳೂ ಹೆಚ್ಚು. ಶಿಕಾರಿಪುರದ ಪೂರ್ವಕ್ಕೆ ಬಂದರೆ ಎಲೆ ಉದುರಿಸುವ ಮತ್ತಿ, ತೇಗ, ನಡುವೆ ಮೆಕ್ಕೆಜೋಳದ ಹೊಲ. ಇಲ್ಲಿನ ರೈತರು ಇದನ್ನೆಲ್ಲ ‘ಕಾಡು’ ಎಂಬ ಒಂದು ಮಾತಿನಲ್ಲಿ ಮುಗಿಸುವುದಿಲ್ಲ. ಕಾನು ಬೇರೆ, ಅಡಿಕೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ ಬೇರೆ, ಹುಲ್ಲು ಬೆಳೆಯುವ ಬೇಣ ಬೇರೆ, ಊರ ದನ ಮೇಯುವ ಗೋಮಾಳ ಬೇರೆ. ಒಂದೊಂದು ಹೆಸರಿಗೂ ಒಂದೊಂದು ಬಗೆಯ ಗಿಡಗಂಟಿ, ಒಂದೊಂದು ಬಗೆಯ ಹಕ್ಕು. ನಮ್ಮ ಪಾಠಯೋಜನೆಯಲ್ಲಿ ಇವೆಲ್ಲಕ್ಕೂ ಸೇರಿ ‘ಅರಣ್ಯ’ ಎಂಬ ಒಂದೇ ಪದ.

ಕಾನನ್ನೇ ತೆಗೆದುಕೊಳ್ಳಿ. ಕಾಳುಮೆಣಸಿನ ಬಳ್ಳಿ, ಬಗನಿ ಮರ, ನೀರಿನ ಸೆಲೆ, ಚೌಡಿಯ ಕಲ್ಲು, ಇವೆಲ್ಲ ಇರುವ ಕಾನುಗಳಿಗೆ ಕೊಡಲಿ ತಾಗದಂತೆ ಊರವರೇ ತಲೆಮಾರುಗಳಿಂದ ಕಾಯ್ದುಕೊಂಡು ಬಂದಿದ್ದರು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ಒಂದು ವರದಿ ಬರೆದರು. ಅವರ ಎಣಿಕೆಗೆ ಸಿಕ್ಕ ಕಾನುಗಳು 171. ಆಮೇಲೆ ಎಷ್ಟೋ ಕಡೆ ಮರ ಹೋಯಿತು, ಎಷ್ಟೋ ಕಡೆ ಅಕೇಶಿಯಾ ಬಂತು, ಅಂಚುಗಳು ಸಾಗುವಳಿಗೆ ಸೇರಿದವು. ನಿಮ್ಮ ಶಾಲೆಯ ಹತ್ತಿರದ ಕಾನಿನ ಅಂಚು ಅಜ್ಜಂದಿರ ಕಾಲದಲ್ಲಿ ಎಲ್ಲಿತ್ತು, ಈಗ ಎಲ್ಲಿದೆ ಎಂಬುದು ಎಂಟನೇ ತರಗತಿಗೆ ಯೋಗ್ಯವಾದ ಪ್ರಶ್ನೆ. ಉತ್ತರ ಗೈಡಿನಲ್ಲಿ ಸಿಗುವುದಿಲ್ಲ. ಮನೆಯ ಹಿರಿಯರನ್ನು ಕೇಳಿ, ಹೋಗಿ ನಿಂತು ನೋಡಬೇಕು.

ಕಾಲುದಾರಿಯ ಪಾಠಕ್ಕೆ ಐವತ್ತು ಗಿಡಗಳ ಹೆಸರು ಬರೆಸುವ ಅಗತ್ಯವಿಲ್ಲ. ‘ಈ ದಾರಿ ಇಲ್ಲೇ ಯಾಕೆ ತಿರುಗಿತು?’ ಎಂಬ ಒಂದು ಪ್ರಶ್ನೆ ಸಾಕು. ಕಾಲುದಾರಿ ಸುಮ್ಮನೆ ತಿರುಗುವುದಿಲ್ಲ. ಒಂದು ಕಡೆ ಕೆರೆಯ ಕೋಡಿ ಹರಿಯುತ್ತದೆ, ಮಳೆಗಾಲದಲ್ಲಿ ದಾಟಲಾಗದು. ಇನ್ನೊಂದು ಕಡೆ ನೆಲ ಜೌಗು, ದನದ ಕಾಲು ಹೂತುಹೋಗುತ್ತದೆ. ಮತ್ತೊಂದು ಕಡೆ ಚೌಡಿಬನ, ಅದನ್ನು ಬಳಸಿ ಹೋಗಬೇಕು. ತರಗತಿಯಲ್ಲಿ ಬಾಯಿ ಬಿಡದ ಹುಡುಗ, ರಜೆಯಲ್ಲಿ ದನ ಹೊಡೆದುಕೊಂಡು ಹೋಗುವವನಾದರೆ, ಈ ಪ್ರಶ್ನೆಗೆ ಮೊದಲು ಉತ್ತರ ಕೊಡುವವನು ಅವನೇ. ಇತ್ತೀಚಿನ ತಿರುವುಗಳಿಗೆ ಕಾರಣ ಮಾತ್ರ ಬೇರೆ: ಮುಳ್ಳುತಂತಿ. ಅಡಿಕೆ ತೋಟ ಹಬ್ಬಿದ ಹಾಗೆ ಹಳೆಯ ದಾರಿಗಳು ಮುಚ್ಚುತ್ತಿವೆ. ಅಲ್ಲಿ ಪ್ರಶಿಕ್ಷಣಾರ್ಥಿ ಹುಷಾರಾಗಿರಬೇಕು, ಬೇಲಿ ಹಾಕಿದವರ ಮಗುವೂ ಅದೇ ಸಾಲಿನಲ್ಲಿ ನಿಂತಿರುತ್ತದೆ. ತಪ್ಪು ಯಾರದೆಂದು ತೀರ್ಮಾನಿಸಲು ನಾವು ಹೋಗಿಲ್ಲ. ಮೊದಲು ದಾರಿ ಎಲ್ಲಿತ್ತು, ಯಾರು ಬಳಸುತ್ತಿದ್ದರು, ಈಗ ಅವರು ಹೇಗೆ ಹೋಗುತ್ತಾರೆ ಎಂದು ಕೇಳಿದರೆ ಸಮಾಜ ವಿಜ್ಞಾನದ ಪಾಠ ತಾನಾಗಿಯೇ ಶುರುವಾಗುತ್ತದೆ.

ಹೊರಡುವ ಮುಂಚೆ ಊರಿನ ಗ್ರಾಮ ನಕ್ಷೆ ಕೈಯಲ್ಲಿರಲಿ. ಭೂದಾಖಲೆಗಳ ಸರ್ಕಾರಿ ಜಾಲತಾಣದಲ್ಲಿ ಅದು ಸಿಗುತ್ತದೆ. ಸರ್ವೆ ನಂಬರು, ಕೆರೆ, ಹಳ್ಳ, ಗಾಡಿದಾರಿ, ಕಾಲುದಾರಿ ಎಲ್ಲವನ್ನೂ ಅದರಲ್ಲಿ ಗುರುತು ಮಾಡಿರುತ್ತಾರೆ. ಏಳನೇ ತರಗತಿಯ ಮಕ್ಕಳು ಪ್ರಪಂಚದ ಭೂಪಟದಲ್ಲಿ ಅಮೆಜಾನ್ ತೋರಿಸುತ್ತಾರೆ, ತಮ್ಮೂರಿನ ನಕ್ಷೆಯನ್ನು ಉತ್ತರ ದಿಕ್ಕಿಗೆ ಹಿಡಿಯಲು ತಡಕಾಡುತ್ತಾರೆ. ನಕ್ಷೆಯಲ್ಲಿದ್ದು ನೆಲದ ಮೇಲೆ ಇಲ್ಲದ ದಾರಿ, ನೆಲದ ಮೇಲಿದ್ದು ನಕ್ಷೆಯಲ್ಲಿ ಇಲ್ಲದ ದಾರಿ ಎಂದು ಎರಡು ಪಟ್ಟಿ ಮಾಡಿಸಿ.

ಶಿರಾಳಕೊಪ್ಪದ ಸುತ್ತಿನ ಶಾಲೆಗಳಿಗೆ ಹೋಗುವವರಿಗೆ ಇನ್ನೊಂದು ಅನುಕೂಲವಿದೆ. ತಾಳಗುಂದದ ಸ್ತಂಭ ಶಾಸನವನ್ನು ನಾವು ಮಯೂರಶರ್ಮನ ಕಥೆಗಾಗಿ ನೆನೆಯುತ್ತೇವೆ. ಅದೇ ಶಾಸನ ಕಾಕುತ್ಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನೂ ಹೇಳುತ್ತದೆ. ಬಳ್ಳಿಗಾವಿಯ ಕೋಡಿಮಠವನ್ನು ಬಣ್ಣಿಸುವ 1162ರ ಶಾಸನದಲ್ಲಿ ವ್ಯಾಕರಣ, ದರ್ಶನಗಳ ಅಧ್ಯಯನದ ಜೊತೆಗೆ ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುವ ಮಾತಿದೆ. ಕೆರೆ ಏರಿಯ ಮೇಲೆ ನಡೆಯುತ್ತಾ ಹೇಳಿದರೆ ಇತಿಹಾಸ ಮತ್ತು ಪರಿಸರ ಎರಡೂ ಒಂದೇ ಅವಧಿಯಲ್ಲಿ ಮುಗಿಯುತ್ತವೆ.

ಇನ್ನು ನಿಜವಾದ ಅಡಚಣೆಗೆ ಬರೋಣ. ಮಂಗನ ಕಾಯಿಲೆಗೆ ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂಬ ಹೆಸರು ಬಂದಿದ್ದೇ ಸೊರಬ ತಾಲ್ಲೂಕಿನ ಕಾಡಿನಿಂದ, 1957ರಲ್ಲಿ. ಉಣುಗಿನ ಕಡಿತದಿಂದ ಹರಡುವ ಈ ಜ್ವರದ ಕಾಲ ಸುಮಾರಾಗಿ ಡಿಸೆಂಬರಿನಿಂದ ಮೇ ತನಕ. ಒಣಗಿದ ತರಗೆಲೆಯಲ್ಲಿ ಮರಿ ಉಣುಗುಗಳು ತುಂಬಿರುವ ತಿಂಗಳುಗಳು. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾನಿಗೆ ಕರೆದೊಯ್ಯಬೇಡಿ ಎಂದು ತಾಯಂದಿರು ಹೇಳಿದರೆ ಅದು ಮೂಢನಂಬಿಕೆಯಲ್ಲ, ಅನುಭವ. ಹಾಗಾಗಿ ಕಾನಿನ ಅಂಚಿನ ಪಾಠ ಅಕ್ಟೋಬರಿನಲ್ಲಿ, ಭೂಮಿ ಹುಣ್ಣಿಮೆಯ ಆಸುಪಾಸಿನಲ್ಲಿ ಆಗಲಿ. ಆಗ ಮಳೆ ಹಿಂದೆ ಸರಿದಿರುತ್ತದೆ, ಬೇಣದಲ್ಲಿ ಹುಲ್ಲಿರುತ್ತದೆ. ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲಿ ಬಂದ ಮಕ್ಕಳಿಗೆ ಯಾವ ಸೊಪ್ಪು ಎಲ್ಲಿ ಸಿಕ್ಕಿತೆಂಬುದು ಇನ್ನೂ ನೆನಪಿರುತ್ತದೆ. ಉಂಬಳ ಇರಬಹುದು, ಇರಲಿ. ಜನವರಿಯ ಪಾಠಗಳನ್ನು ಕೆರೆ ಏರಿ, ಗದ್ದೆ ಬದು, ಬಳ್ಳಿಗಾವಿಯಂಥ ತೆರೆದ ಜಾಗಗಳಿಗೆ ಇಟ್ಟುಕೊಳ್ಳೋಣ. ಯಾವ ಕಾಲದಲ್ಲಾದರೂ ಆ ಊರಿನ ಆಶಾ ಕಾರ್ಯಕರ್ತೆಯನ್ನು ಮುಂಚಿತವಾಗಿ ವಿಚಾರಿಸಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕೆಂಬುದು ಮಕ್ಕಳಿಗೆ ಗೊತ್ತಿರಬೇಕು. ಅಭ್ಯಾಸ ಪಾಠದ ವೇಳಾಪಟ್ಟಿಯನ್ನು ಪರೀಕ್ಷೆಯ ದಿನಾಂಕ ನೋಡಿ ಮಾಡುವ ನಮಗೆ ಉಣುಗಿನ ಪಂಚಾಂಗವನ್ನೂ ನೋಡುವುದು ಕಷ್ಟವಾಗಬಾರದು.

ಶಿಸ್ತು ಕೆಡುತ್ತದೆ, ಸಿಲಬಸ್ ಮುಗಿಯುವುದಿಲ್ಲ ಎಂಬ ಮಾತು ಶಾಲೆಯವರಿಂದ ಬರುತ್ತದೆ. ಮುಖ್ಯ ಶಿಕ್ಷಕರ ಒಪ್ಪಿಗೆ, ಎಸ್‌ಡಿಎಂಸಿಗೆ ಒಂದು ಮಾತು, ಜೊತೆಗೆ ದಾರಿ ಬಲ್ಲ ಊರ ಹಿರಿಯರೊಬ್ಬರು, ಒಂದು ಕಿಲೋಮೀಟರಿನೊಳಗಿನ ನಡಿಗೆ, ಜೋಡಿ ಅವಧಿ: ಇಷ್ಟಿದ್ದರೆ ಸಾಕು. ಹಿರಿಯರನ್ನು ಕರೆದುಕೊಂಡು ಹೋಗಿ ಅವರ ಮಾತಿನ ನಡುವೆ ‘ಅಜ್ಜ, ಟೈಮಾಯ್ತು’ ಎನ್ನುವುದು ಮಾತ್ರ ಬೇಡ.

ಹೆಚ್ಚು ಬದಲಾಗಬೇಕಾದದ್ದು ನಮ್ಮ ಅವಲೋಕನ ನಮೂನೆ. ‘ಕಪ್ಪುಹಲಗೆ ಬಳಕೆ’, ‘ಧ್ವನಿಯ ಏರಿಳಿತ’ ಎಂಬ ಕಾಲಂಗಳಿಗೆ ಕಾಲುದಾರಿಯಲ್ಲಿ ಅರ್ಥವಿಲ್ಲ. ಪ್ರಶಿಕ್ಷಣಾರ್ಥಿ ಹಿಂದಿನ ದಿನ ಆ ದಾರಿಯನ್ನು ತಾನೇ ನಡೆದು ನೋಡಿದ್ದಾರೆಯೇ, ಎಷ್ಟು ಮಕ್ಕಳು ಪ್ರಶ್ನೆ ಕೇಳಿದರು, ಮಗು ಹೇಳಿದ ಸ್ಥಳೀಯ ಹೆಸರನ್ನು ಬರೆದುಕೊಂಡರೇ ಅಥವಾ ಪುಸ್ತಕದ ಹೆಸರಿನಿಂದ ತಿದ್ದಿದರೇ ಎಂದು ನೋಡಬೇಕು. ಮಾರ್ಗದರ್ಶಕ ಉಪನ್ಯಾಸಕರೂ ಜೊತೆಗೆ ನಡೆಯಲೇಬೇಕಾಗುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತು ಬರೆಯುವ ಅವಲೋಕನ ಪುಸ್ತಕವನ್ನು ನಿಂತೇ ತುಂಬಲು ಕೈಯಲ್ಲೊಂದು ರಟ್ಟು ಬೇಕು. ಪರೀಕ್ಷೆಗೆ ಒಯ್ಯುವ ರಟ್ಟೇ ಆದೀತು.