ಹಾರುವ ಹೆಬ್ಬಾತಿನ ಪಾಠ: ಕತೆಗಿಂತ ಮೊದಲು ಕತ್ತರಿ

ಪಾಠಯೋಜನೆಯಲ್ಲಿ ಪೀಠಿಕೆಗೆ ನಾವು ಕೊಡುವ ಮಹತ್ವ ಎಲ್ಲರಿಗೂ ಗೊತ್ತು. ಒಳ್ಳೆಯ ಕತೆಯೊಂದರಿಂದ ಪಾಠ ಶುರುವಾದರೆ ಮಕ್ಕಳ ಕಿವಿ ನಿಮಿರುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತ ವೀಕ್ಷಕರ ಪೆನ್ನು ‘ಉತ್ತಮ’ ಎಂಬ ಕಲಮಿನತ್ತ ಸರಿಯುತ್ತದೆ. ಆದರೆ ಆ ಕತೆ ನಿಜವೇ, ನಿಜವೆಂದು ನಮಗೆ ಹೇಗೆ ಗೊತ್ತು ಎಂದು ಕೇಳುವ ಕಲಮು ವೀಕ್ಷಣಾ ನಮೂನೆಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅದು ಇರಬೇಕು ಎಂಬುದು ಈ ಬರಹದ ವಾದ. ವಾದಕ್ಕೆ ಆಧಾರವಾಗಿ ಅಮೆರಿಕದ ಒಂದು ಹಳೆಯ ಬಟ್ಟೆ ವಿನ್ಯಾಸವನ್ನು ತೆಗೆದುಕೊಂಡಿದ್ದೇನೆ. ಅದರ ಹೆಸರು ‘ಫ್ಲೈಯಿಂಗ್ ಗೀಸ್’, ಅಂದರೆ ಹಾರುವ ಹೆಬ್ಬಾತುಗಳು. ಗಣಿತ, ಕರಕುಶಲ, ಇತಿಹಾಸ ಮೂರನ್ನೂ ಒಂದೇ ಪಾಠದಲ್ಲಿ ಹೆಣೆಯಲು ಇದಕ್ಕಿಂತ ಅನುಕೂಲವಾದ ವಸ್ತು ಸಿಗುವುದು ಕಷ್ಟ. ಇಷ್ಟೇ ಸುಲಭವಾಗಿ ದಾರಿ ತಪ್ಪಿಸುವ ವಸ್ತುವೂ ಅಪರೂಪ.

ಮೊದಲು ವಸ್ತುವಿನ ಪರಿಚಯ. ಕ್ವಿಲ್ಟ್ ಎಂದರೆ ಮೇಲ್ಹೊದಿಕೆ, ನಡುವೆ ಹತ್ತಿಯ ಪದರ, ಕೆಳಗೊಂದು ಬಟ್ಟೆ, ಈ ಮೂರನ್ನೂ ಸೇರಿಸಿ ಹೊಲಿದ ಹೊದಿಕೆ. ಮೇಲ್ಹೊದಿಕೆಯನ್ನು ಒಂದೇ ಅಳತೆಯ ಚೌಕಗಳನ್ನು ಜೋಡಿಸಿ ಮಾಡುವ ಪದ್ಧತಿ ಅಮೆರಿಕದಲ್ಲಿ 19ನೇ ಶತಮಾನದ ನಡುಭಾಗದ ಹೊತ್ತಿಗೆ ಬಹಳ ಜನಪ್ರಿಯವಾಯಿತು. ಆ ಒಂದೊಂದು ಚೌಕಕ್ಕೆ ಬ್ಲಾಕ್ ಎಂದು ಹೆಸರು. ಹಾರುವ ಹೆಬ್ಬಾತಿನ ಮೂಲ ಘಟಕ ಅಗಲವು ಎತ್ತರದ ಎರಡರಷ್ಟಿರುವ ಒಂದು ಆಯತ. ಅದರೊಳಗೆ ಒಂದು ದೊಡ್ಡ ತ್ರಿಭುಜ, ಅದರ ಎರಡೂ ಬದಿಗೆ ಎರಡು ಚಿಕ್ಕ ತ್ರಿಭುಜ. ದೊಡ್ಡದು ಬಾತು, ಚಿಕ್ಕವು ಆಕಾಶ. ಇಂಥ ಘಟಕಗಳನ್ನು ಒಂದರ ಹಿಂದೊಂದು ಇಟ್ಟರೆ ಗುಂಪಾಗಿ ಹಾರುವ ಹೆಬ್ಬಾತುಗಳ ಸಾಲು ಕಾಣುತ್ತದೆ. ಎಂಟನ್ನು ಗಿರಗಟ್ಟೆಯಂತೆ ಸುತ್ತಿಸಿದರೆ ‘ಡಚ್‌ಮನ್ಸ್ ಪಜಲ್’ ಎಂಬ ಬೇರೊಂದು ಬ್ಲಾಕು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನು ಕಂಡ ಮಕ್ಕಳಿಗೆ ಈ ಹೆಸರು ಯಾಕೆ ಬಂತೆಂದು ವಿವರಿಸಬೇಕಾಗಿಲ್ಲ.

ಇನ್ನು ಮಾಡುವ ರೀತಿ. ಹೊಲಿದ ಮೇಲೆ 4 ಇಂಚು ಅಗಲ, 2 ಇಂಚು ಎತ್ತರ ಬರುವ ಬಾತು ಬೇಕು ಎನ್ನೋಣ. ಹೊಲಿಗೆಗೆ ಬಿಡುವ ಬಟ್ಟೆ, ಟೈಲರ್‌ಗಳ ಮಾತಿನಲ್ಲಿ ಮಾರ್ಜಿನ್, ಎಲ್ಲ ಕಡೆ ಕಾಲು ಇಂಚು. ಹಾಗಾದರೆ ಬಾತಿನ ತ್ರಿಭುಜಕ್ಕೆ ಬಟ್ಟೆಯನ್ನು ಎಷ್ಟು ಅಗಲ ಕತ್ತರಿಸಬೇಕು? ಮಕ್ಕಳು ಥಟ್ಟನೆ ಹೇಳುವ ಉತ್ತರ 4½. ಎರಡು ಬದಿಗೆ ಕಾಲು ಕಾಲು ಸೇರಿಸಿದರೆ ಅಷ್ಟೇ ತಾನೆ? ಆದರೆ ಹಾಗೆ ಕತ್ತರಿಸಿ ಹೊಲಿದರೆ ಬಾತು ಚಿಕ್ಕದಾಗುತ್ತದೆ. ಕ್ವಿಲ್ಟ್ ಹೊಲಿಯುವವರು ಬಳಸುವ ಅಳತೆ 5¼. ಚಿಕ್ಕ ತ್ರಿಭುಜಕ್ಕೆ 2½ ಅಲ್ಲ, 2⅞.

ಯಾಕೆ? ತ್ರಿಭುಜದ ಮೂಲೆ ಓರೆಯಾಗಿರುವುದರಿಂದ ಅಲ್ಲಿ ಮಾರ್ಜಿನ್ ಹೆಚ್ಚು ದೂರ ಚಾಚುತ್ತದೆ. ಸಮದ್ವಿಬಾಹು ಲಂಬಕೋನ ತ್ರಿಭುಜದ ಸುತ್ತ ಕಾಲು ಇಂಚು ಬಿಟ್ಟು ಹೊರಗೆ ಇನ್ನೊಂದು ತ್ರಿಭುಜ ಬರೆದರೆ, ಅದರ ಬಾಹು ¼ × (2 + √2), ಅಂದರೆ ಸುಮಾರು 0.854 ಇಂಚು ಹೆಚ್ಚುತ್ತದೆ. ಇದನ್ನು ಸ್ಕೇಲಿನಲ್ಲಿ ಗುರುತಿಸಲು ಅನುಕೂಲವಾಗುವಂತೆ 0.875ಕ್ಕೆ, ಅಂದರೆ ⅞ಕ್ಕೆ ಏರಿಸಿದ್ದಾರೆ. ವಿಕರ್ಣ ಇದರ √2ರಷ್ಟು, ಸುಮಾರು 1.207 ಇಂಚು ಹೆಚ್ಚುತ್ತದೆ. ಅದು 1¼ ಆಗಿದೆ. ‘√2 ಅನ್ನು ಜೀವನದಲ್ಲಿ ಎಲ್ಲಿ ಬಳಸುತ್ತೇವೆ ಸರ್?’ ಎಂದು ಕೇಳುವ ಒಂಬತ್ತನೇ ತರಗತಿಯ ಹುಡುಗನಿಗೆ ಇದು ನೇರ ಉತ್ತರ. ಅಭಾಗಲಬ್ಧ ಸಂಖ್ಯೆಯನ್ನು ಕತ್ತರಿಗೆ ಸಿಗುವ ಭಿನ್ನರಾಶಿಯಾಗಿ ಮಾಡಿಕೊಂಡು ಹೊಲಿಯುತ್ತ ಬಂದಿದ್ದಾರೆ.

ಇನ್ನೊಂದು ಸೂಕ್ಷ್ಮವಿದೆ. 5¼ ಇಂಚಿನ ಚೌಕವನ್ನು ಎರಡೂ ಕರ್ಣಗಳ ಮೇಲೆ ಕತ್ತರಿಸಿದರೆ ನಾಲ್ಕು ಬಾತು. 2⅞ ಇಂಚಿನ ಚೌಕವನ್ನು ಒಂದೇ ಕರ್ಣದ ಮೇಲೆ ಕತ್ತರಿಸಿದರೆ ಎರಡು ಆಕಾಶ. ಎರಡೂ ಒಂದೇ ಆಕಾರದ ತ್ರಿಭುಜಗಳು, ಆದರೂ ಕತ್ತರಿಸುವ ರೀತಿ ಬೇರೆ. ಕಾರಣ ಬಟ್ಟೆಯ ಎಳೆ. ಹಾಸು ಹೊಕ್ಕಿನ ಗುಂಟ ಕತ್ತರಿಸಿದ ಅಂಚು ಗಟ್ಟಿ. ಓರೆಯಾಗಿ, ಟೈಲರ್‌ಗಳು ಕ್ರಾಸ್ ಎನ್ನುವಂತೆ ಕತ್ತರಿಸಿದ ಅಂಚು ಎಳೆದರೆ ಹಿಗ್ಗುತ್ತದೆ. ಘಟಕದ ಹೊರಗಡೆ ಬರುವ ಅಂಚು ಗಟ್ಟಿಯಾಗಿರಬೇಕು. ಬಾತಿನಲ್ಲಿ ಹೊರಗೆ ಬರುವುದು ವಿಕರ್ಣ, ಆಕಾಶದಲ್ಲಿ ಹೊರಗೆ ಬರುವುದು ಬಾಹುಗಳು. ಅದಕ್ಕೇ ಕತ್ತರಿ ಬೇರೆ ಬೇರೆ ದಾರಿ ಹಿಡಿಯುತ್ತದೆ.

ಉಳಿತಾಯದ ಲೆಕ್ಕವೂ ಇದರಲ್ಲಿದೆ. ಒಂದು ಪದ್ಧತಿಯಲ್ಲಿ 4½ × 2½ ಇಂಚಿನ ಆಯತದ ಮೇಲೆ 2½ ಇಂಚಿನ ಎರಡು ಚೌಕಗಳನ್ನಿಟ್ಟು, ಕರ್ಣದ ಮೇಲೆ ಹೊಲಿದು, ಮೂಲೆಯ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ತೆಗೆಯುತ್ತಾರೆ. ಸುಲಭ, ಆದರೆ ನಾಲ್ಕು ಬಾತಿಗೆ 95 ಚದರ ಇಂಚು ಬಟ್ಟೆ ಬೇಕು. ಇನ್ನೊಂದರಲ್ಲಿ 5¼ ಇಂಚಿನ ಒಂದು ಚೌಕ, 2⅞ ಇಂಚಿನ ನಾಲ್ಕು ಚೌಕ. ದೊಡ್ಡದರ ಎದುರುಬದುರು ಮೂಲೆಗಳಲ್ಲಿ ಎರಡು ಚಿಕ್ಕವನ್ನಿಟ್ಟು, ಕರ್ಣದ ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿದು, ಗೆರೆಯ ಮೇಲೆ ಕತ್ತರಿಸಬೇಕು. ಸಿಕ್ಕ ಎರಡು ಭಾಗಗಳಿಗೂ ಉಳಿದ ಒಂದೊಂದು ಚಿಕ್ಕ ಚೌಕ ಸೇರಿಸಿ ಇದನ್ನೇ ಮತ್ತೆ ಮಾಡಿದರೆ ನಾಲ್ಕು ಬಾತು. ಬೇಕಾದ ಬಟ್ಟೆ ಸುಮಾರು 60.6 ಚದರ ಇಂಚು. ಎಂಟನೇ ತರಗತಿಯ ವಿಸ್ತೀರ್ಣದ ಪಾಠಕ್ಕೆ ಇಷ್ಟು ಸಾಕು. ಹೊಲಿಗೆ ಬೇಡವೆಂದರೆ ಬಣ್ಣದ ಕಾಗದದಲ್ಲಿ ಮಾರ್ಜಿನ್ ಇಲ್ಲದೆಯೂ ಮಾಡಬಹುದು: ಬಾತು ಆಯತದ ಅರ್ಧ, ಒಂದೊಂದು ಆಕಾಶವೂ ಕಾಲು. ಹತ್ತನೇ ತರಗತಿಗೆ ಹೋದರೆ, ಬಾತು ಮತ್ತು ಆಕಾಶ ಸಮರೂಪ ತ್ರಿಭುಜಗಳು. ಬಾಹುಗಳ ಅನುಪಾತ √2, ವಿಸ್ತೀರ್ಣಗಳ ಅನುಪಾತ 2.

ಈಗ ಕತೆಯ ವಿಷಯ. ಹಾರುವ ಹೆಬ್ಬಾತಿನ ಬಗ್ಗೆ ಹುಡುಕಿದ ಯಾರಿಗಾದರೂ ಮೊದಲು ಸಿಗುವುದು ಮೇಲಿನ ಗಣಿತವಲ್ಲ, ಒಂದು ರೋಮಾಂಚಕ ಕತೆ. ಅಮೆರಿಕದ ದಕ್ಷಿಣ ಭಾಗದಲ್ಲಿ ಗುಲಾಮರಾಗಿದ್ದ ಆಫ್ರಿಕನ್ ಮೂಲದ ಜನ ಉತ್ತರಕ್ಕೆ ತಪ್ಪಿಸಿಕೊಂಡು ಹೋಗುವಾಗ ಕ್ವಿಲ್ಟ್‌ಗಳನ್ನು ಗುಟ್ಟಿನ ಸಂಕೇತವಾಗಿ ಬಳಸುತ್ತಿದ್ದರಂತೆ. ಬೇಲಿಯ ಮೇಲೆ ಹರವಿದ ಹೊದಿಕೆಯಲ್ಲಿ ಹೆಬ್ಬಾತುಗಳು ಹೋಗಬೇಕಾದ ದಿಕ್ಕು ತೋರಿಸುತ್ತಿದ್ದವಂತೆ. ಈ ಕತೆ ವ್ಯಾಪಕವಾಗಿ ಹರಡಿದ್ದು 1999ರಲ್ಲಿ ಜಾಕ್ವೆಲಿನ್ ಟೋಬಿನ್ ಮತ್ತು ರೇಮಂಡ್ ಡೊಬಾರ್ಡ್ ಬರೆದ ‘ಹಿಡನ್ ಇನ್ ಪ್ಲೇನ್ ವ್ಯೂ’ ಪುಸ್ತಕದಿಂದ. ಅದರ ಆಧಾರ, ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಪಟ್ಟಣದಲ್ಲಿ ಕ್ವಿಲ್ಟ್ ಮಾರುತ್ತಿದ್ದ ಓಝೆಲ್ಲಾ ಮೆಕ್‌ಡೇನಿಯಲ್ ವಿಲಿಯಮ್ಸ್ ಎಂಬ ಹಿರಿಯ ಮಹಿಳೆ ಹೇಳಿದ ಮನೆತನದ ಮೌಖಿಕ ನೆನಪು. ಅಲ್ಲಿಂದ ಅದು ಶಾಲೆಗಳ ಪಾಠಯೋಜನೆಗಳಿಗೆ ಹೊಕ್ಕಿತು. ನ್ಯೂಯಾರ್ಕಿನಲ್ಲಿ ಫ್ರೆಡರಿಕ್ ಡಗ್ಲಾಸ್ ಸ್ಮಾರಕದ ವಿನ್ಯಾಸದಲ್ಲೇ ಈ ಸಂಕೇತಗಳನ್ನು ಸೇರಿಸಲು ಹೊರಟಾಗ 2007ರಲ್ಲಿ ಇತಿಹಾಸಕಾರರು ಬಹಿರಂಗವಾಗಿ ಆಕ್ಷೇಪಿಸಿದರು.

ಆಕ್ಷೇಪಕ್ಕೆ ಕಾರಣಗಳಿವೆ. 1872ರಲ್ಲಿ ವಿಲಿಯಂ ಸ್ಟಿಲ್ ತಾನು ನೆರವಾದ ನೂರಾರು ಜನರ ಪಲಾಯನದ ವಿವರಗಳನ್ನು ದಪ್ಪ ಪುಸ್ತಕವಾಗಿ ಪ್ರಕಟಿಸಿದ. 1936ರಿಂದ 1938ರ ನಡುವೆ, ಗುಲಾಮರಾಗಿ ಬದುಕಿದ್ದ ಹಿರಿಯರ 2,300ಕ್ಕೂ ಹೆಚ್ಚು ನೆನಪುಗಳನ್ನು ಸರ್ಕಾರಿ ಯೋಜನೆಯೊಂದು ಬರೆದುಕೊಂಡಿತು. ಇವುಗಳಲ್ಲಿ ಈ ಕ್ವಿಲ್ಟ್ ಸಂಕೇತದ ಸುದ್ದಿಯಿಲ್ಲ. ಸಂಕೇತದ ಪಟ್ಟಿಯಲ್ಲಿರುವ ‘ಡಬಲ್ ವೆಡ್ಡಿಂಗ್ ರಿಂಗ್’ ವಿನ್ಯಾಸ ಜನಪ್ರಿಯವಾದದ್ದು 1920ರ ದಶಕದ ಕೊನೆಗೆ. ಗುಲಾಮಗಿರಿ ಕೊನೆಗೊಂಡದ್ದು 1865ರಲ್ಲಿ. ಕ್ವಿಲ್ಟ್ ಇತಿಹಾಸ ಬರೆದ ಬಾರ್ಬರಾ ಬ್ರಾಕ್‌ಮನ್ ಮೊದಲಾದವರು ಈ ತೊಡಕುಗಳನ್ನು ವಿವರವಾಗಿ ತೋರಿಸಿದ್ದಾರೆ.

ಇಲ್ಲಿ ಎರಡು ಆಕ್ಷೇಪಗಳನ್ನು ನ್ಯಾಯವಾಗಿ ಎದುರಿಸಬೇಕು. ಮೊದಲನೆಯದು: ತುಳಿತಕ್ಕೊಳಗಾದವರ ಚರಿತ್ರೆ ಕಾಗದದಲ್ಲಿ ಸಿಗುವುದಿಲ್ಲ, ಬಾಯಿಮಾತನ್ನು ನಂಬದಿದ್ದರೆ ಅವರಿಗೆ ಚರಿತ್ರೆಯೇ ಉಳಿಯುವುದಿಲ್ಲ. ಈ ಮಾತಿನಲ್ಲಿ ತೂಕವಿದೆ. ನಮ್ಮ ನಾಡಿನಲ್ಲಂತೂ ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಇಲ್ಲಿ ಬಾಯಿಮಾತಿನ ಕೊರತೆಯಿಲ್ಲ. ಸಾವಿರಾರು ಜನ ಮಾತಾಡಿದ್ದಾರೆ. ಒಂದು ಮನೆತನದ ನೆನಪನ್ನು ಗೌರವದಿಂದ ‘ಒಂದು ಮನೆತನದ ನೆನಪು’ ಎಂದೇ ಹೇಳಬಹುದು. ಅದನ್ನು ಎಲ್ಲರ ಇತಿಹಾಸವೆಂದು ಹೇಳಿದರೆ ಉಳಿದ ಸಾವಿರಾರು ಜನರ ಬಾಯಿ ಮುಚ್ಚಿಸಿದಂತೆ. ಅವರು ಹೇಳಿದ್ದು ಕಡಿಮೆ ರೋಮಾಂಚಕವೇನಲ್ಲ. ಡಗ್ಲಾಸ್ 1838ರಲ್ಲಿ ನಾವಿಕನ ವೇಷ ತೊಟ್ಟು, ಬೇರೊಬ್ಬನ ಗುರುತುಪತ್ರ ಹಿಡಿದು ರೈಲು ಹತ್ತಿದ. ಹೆನ್ರಿ ಬ್ರೌನ್ 1849ರಲ್ಲಿ ಮರದ ಪೆಟ್ಟಿಗೆಯೊಳಗೆ ಕುಳಿತು ರಿಚ್ಮಂಡ್‌ನಿಂದ ಫಿಲಡೆಲ್ಫಿಯಾಕ್ಕೆ ಪಾರ್ಸಲ್ ಆಗಿ ಹೋದ.

ಎರಡನೆಯದು: ಮಕ್ಕಳಿಗೆ ಮೌಲ್ಯ ಮುಟ್ಟಿದರೆ ಸಾಕು, ಕತೆ ನಿಜವೋ ಅಲ್ಲವೋ ಯಾಕೆ ಬೇಕು? ಕತೆಯನ್ನು ಕತೆಯೆಂದು ಹೇಳುವುದಾದರೆ ನನ್ನ ತಕರಾರಿಲ್ಲ. ಡೆಬೊರಾ ಹಾಪ್ಕಿನ್‌ಸನ್ 1993ರಲ್ಲಿ ಬರೆದ ‘ಸ್ವೀಟ್ ಕ್ಲಾರಾ ಅಂಡ್ ದ ಫ್ರೀಡಂ ಕ್ವಿಲ್ಟ್’ ಕ್ವಿಲ್ಟನ್ನೇ ನಕ್ಷೆ ಮಾಡಿಕೊಂಡ ಹುಡುಗಿಯ ಚಿತ್ರಕತೆ. ಅದನ್ನು ಕಲ್ಪನೆಯಾಗಿಯೇ ಓದಿಸಬಹುದು. ತೊಂದರೆ ಬರುವುದು ಕಲ್ಪನೆಯ ಮೇಲೆ ಇತಿಹಾಸದ ಚೀಟಿ ಅಂಟಿಸಿದಾಗ. ಮುಂದೊಂದು ದಿನ ಅದು ಹಾಗಲ್ಲವೆಂದು ತಿಳಿದ ಮಗು, ಕತೆಯನ್ನು ಮಾತ್ರ ಕೈಬಿಡುವುದಿಲ್ಲ. ಗುಲಾಮಗಿರಿಯ ಬಗ್ಗೆ ನಾವು ಹೇಳಿದ ನಿಜವನ್ನೂ ಅನುಮಾನಿಸುತ್ತದೆ.

ನಿಜವಾದ ಉದಾಹರಣೆಯೇ ಬೇಕೆಂದರೆ ಹ್ಯಾರಿಯೆಟ್ ಪವರ್ಸ್ ಇದ್ದಾಳೆ. 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದವಳು. ಬೈಬಲ್ಲಿನ ಪ್ರಸಂಗಗಳನ್ನು 11 ಅಂಕಣಗಳಲ್ಲಿ ಹೊಲಿದ ಅವಳ ಕ್ವಿಲ್ಟ್ 1886ರಲ್ಲಿ ಅಥೆನ್ಸ್ ಪಟ್ಟಣದ ಜಾತ್ರೆಯಲ್ಲಿ ಪ್ರದರ್ಶನಕ್ಕಿತ್ತು. ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ಕೊಳ್ಳಲು ಕೇಳಿದಾಗ ಅವಳು ಒಪ್ಪಲಿಲ್ಲ. 1891ರಲ್ಲಿ ಕಷ್ಟಕ್ಕೆ ಸಿಕ್ಕಿ 10 ಡಾಲರ್ ಕೇಳಿದಳು, ಸಿಕ್ಕಿದ್ದು 5. ಆಗ ಒಂದೊಂದು ಅಂಕಣದ ಅರ್ಥವನ್ನೂ ಅವಳೇ ವಿವರಿಸಿದಳು, ಶಿಕ್ಷಕಿ ಬರೆದುಕೊಂಡಳು. ಇಂದು ಆ ಕ್ವಿಲ್ಟ್ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ, ಅದರ ಅರ್ಥವೂ ಉಳಿದಿದೆ. ಹೊಲಿದವಳನ್ನೇ ಕೇಳಿ ಬರೆದಿಟ್ಟ ಒಬ್ಬ ಶಿಕ್ಷಕಿಯಿಂದ ಅದು ಉಳಿಯಿತು ಎಂಬುದನ್ನು ಶಿಕ್ಷಕರಾಗಹೊರಟವರು ಗಮನಿಸಬೇಕು.

ಈ ಕೆಲಸ ನಮ್ಮ ಪ್ರಶಿಕ್ಷಣಾರ್ಥಿಗಳೂ ಮಾಡಬಹುದಾದದ್ದು. ಬೋಧನಾಭ್ಯಾಸಕ್ಕೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೋದವರಿಗೆ ಕೌದಿ ಹೊಲಿಯುವ ಅಜ್ಜಿಯರು ಸಿಗುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳಿವೆ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಅಳತೆಯ ಬ್ಲಾಕುಗಳನ್ನು ಜೋಡಿಸುವ ಅಮೆರಿಕದ ಪದ್ಧತಿಗಿಂತ ಇದು ಬೇರೆ. ‘ನಮ್ಮದೂ ಅದೇ’ ಎಂದು ಅವಸರದಲ್ಲಿ ಹೇಳದೆ, ‘ಅವ್ವಾ, ಈ ತುಂಡನ್ನು ಇಲ್ಲಿಗೆ ಯಾಕೆ ಇಟ್ಟಿರಿ?’ ಎಂದು ಕೇಳಿ, ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡರೆ ಅದು ಆಕರವಾಗುತ್ತದೆ. ಅರ್ಥವೇನೂ ಇಲ್ಲ, ಹಳೇ ಸೀರೆ ಇತ್ತು ಅದಕ್ಕೆ ಇಟ್ಟೆ ಎಂದರೆ, ಹಾಗೆಯೇ ಬರೆಯಬೇಕು.

ನನ್ನ ಸಲಹೆಗಳು ಮೂರು. ಒಂದು, ಹೆಬ್ಬಾತಿನ ಪಾಠದಲ್ಲಿ ಪೀಠಿಕೆ ಕತೆಯಲ್ಲ, ಕೈಕೆಲಸವಾಗಲಿ: ‘4½ ಇಂಚು ಯಾಕೆ ಸಾಲುವುದಿಲ್ಲ?’ ಎಂಬ ಪ್ರಶ್ನೆಗೆ ಕತೆಯಷ್ಟೇ ಸೆಳೆತವಿದೆ. ಎರಡು, ಸಂಕೇತದ ಕತೆ ಹೇಳಲೇಬೇಕೆಂದರೆ ಸಮಾಜ ವಿಜ್ಞಾನದ ಅವಧಿಯಲ್ಲಿ ಪ್ರಶ್ನೆಯಾಗಿ ಹೇಳಿ: ಯಾರು ಹೇಳಿದರು, ಯಾವಾಗ ಹೇಳಿದರು, ಬೇರೆ ಯಾರು ಹೇಳಿದ್ದಾರೆ? ಒಂಬತ್ತನೇ ತರಗತಿಯ ಮಕ್ಕಳು ಈ ಮೂರು ಪ್ರಶ್ನೆಗಳಿಂದ ತಾವೇ ತೀರ್ಮಾನಕ್ಕೆ ಬರಬಲ್ಲರು. ಮೂರು, ವೀಕ್ಷಣಾ ನಮೂನೆಯಲ್ಲಿ ‘ಪೀಠಿಕೆಯಲ್ಲಿ ಹೇಳಿದ ಸಂಗತಿಗೆ ಆಧಾರ’ ಎಂಬ ಒಂದು ಸಾಲು ಸೇರಲಿ. ಮಾರ್ಗದರ್ಶಿ ಅಧ್ಯಾಪಕರು ಪಾಠಯೋಜನೆಗೆ ಸಹಿ ಹಾಕುವ ಮುನ್ನ ಆ ಸಾಲು ಭರ್ತಿಯಾಗಿದೆಯೇ ಎಂದು ನೋಡಲಿ. ಕಾಲು ಇಂಚು ಹೆಚ್ಚು ಕಡಿಮೆಯಾದರೆ ಹೆಬ್ಬಾತಿನ ಕೊಕ್ಕು ಹೊಲಿಗೆಯೊಳಗೆ ಸೇರಿಹೋಗುತ್ತದೆ ಎಂದು ಮಕ್ಕಳಿಗೆ ಕಲಿಸುವ ನಾವು, ಸಂಗತಿ ಹೇಳುವಾಗಲೂ ಅಷ್ಟೇ ಅಳತೆ ಇಟ್ಟುಕೊಳ್ಳಬೇಕು.