ಸೆರೆಯಾಳಿನ ಯೋಗ್ಯತೆ

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯನ್ನು ಮೊದಲು ಆಡಿದವನು ಯಾರೋ ತಿಳಿಯದು. ಆದರೆ ಆ ಹೊತ್ತಿಗೆ ಅವನು ಹೊಟ್ಟೆತುಂಬ ಉಂಡು ತೇಗಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದನೆಂಬುದರಲ್ಲಿ ನನಗೆ ಅನುಮಾನವಿಲ್ಲ. ಪರರ ಸಂಕಟವನ್ನು ಎರಡು ಮಾತಿನಲ್ಲಿ ತೀರಿಸಿ ಕಾಫಿಯ ಲೋಟಕ್ಕೆ ಕೈಹಾಕಲು ಇದಕ್ಕಿಂತ ಅನುಕೂಲವಾದ ಮಾತು ನಮ್ಮಲ್ಲಿ ಇನ್ನೊಂದಿಲ್ಲ.

ಈ ಗಾದೆಯನ್ನು ನಾನೂ ಆಡಿದ್ದೇನೆ. 2022ರ ಮಾರ್ಚ್ ಮೊದಲ ವಾರದಲ್ಲಿ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಬ್ರಿಟ್ನಿ ಗ್ರೈನರ್ ಮಾಸ್ಕೋದ ವಿಮಾನನಿಲ್ದಾಣದಲ್ಲಿ ಗಾಂಜಾದ ಎಣ್ಣೆಯೊಡನೆ ಸಿಕ್ಕಿಬಿದ್ದು ಸೆರೆಯಲ್ಲಿದ್ದಾಳೆಂಬ ಸುದ್ದಿ ಬಂತು. ನಮ್ಮ ಸಂಜೆಯ ಕೂಟದಲ್ಲಿ ವಕೀಲರಾದ ಒಬ್ಬ ಮಿತ್ರರಿದ್ದಾರೆ. “ನೋಡಿ ಸ್ವಾಮಿ, ಕಾನೂನು ಅಂದರೆ ಕಾನೂನು. ಆರಡಿ ಒಂಬತ್ತಂಗುಲ ಎತ್ತರ ಇದ್ದರೆ ಅದು ಬಗ್ಗುತ್ತದೆಯೆ?” ಎಂದರು. ನಾನು ಗಾದೆ ಹೇಳಿದೆ. ಎಲ್ಲರೂ ನಕ್ಕೆವು. ಆ ನಗುವಿನ ಲೆಕ್ಕ ಒಪ್ಪಿಸುವುದಕ್ಕೆಂದೇ ಈ ಲೇಖನ.

ಮೊದಲು ಸಂಗತಿ ಏನೆಂಬುದನ್ನು ನೋಡೋಣ. ಆಕೆಯನ್ನು ಶೆರೆಮೆತ್ಯೆವೊ ನಿಲ್ದಾಣದಲ್ಲಿ ಹಿಡಿದದ್ದು 2022ರ ಫೆಬ್ರವರಿ 17ರಂದು. ಅದಾದ ಒಂದು ವಾರಕ್ಕೆ ರಷ್ಯದ ಸೇನೆ ಯುಕ್ರೇನಿಗೆ ನುಗ್ಗಿತು. ಆಕೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ವೇಪ್ ಎಂಬ ಹೊಗೆ ಸೇದುವ ಸಾಧನದ ಎರಡು ಪುಟ್ಟ ಕಾರ್ಟ್ರಿಜ್‌ಗಳು. ಅವೆರಡರ ಎಣ್ಣೆಯೂ ಸೇರಿ 0.702 ಗ್ರಾಮು. ನಮ್ಮ ಅಕ್ಕಸಾಲಿಗರ ಹಳೆಯ ಲೆಕ್ಕದಲ್ಲಿ ಸುಮಾರು ಆರು ಗುಲಗಂಜಿಯ ತೂಕ. ನೋವಿಗಾಗಿ ತನ್ನೂರಿನ ವೈದ್ಯರು ಬರೆದುಕೊಟ್ಟ ಔಷಧ, ಅವಸರದಲ್ಲಿ ಪೆಟ್ಟಿಗೆ ಕಟ್ಟುವಾಗ ಉಳಿದುಹೋಯಿತು, ಕಾನೂನು ಮುರಿಯುವ ಉದ್ದೇಶವಿರಲಿಲ್ಲ ಎಂದು ಆಕೆ ಹೇಳಿದಳು; ಜುಲೈ 7ರಂದು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆಂಬುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿಚಾರ. ಆಗಸ್ಟ್ 4ರಂದು ಹಿಮ್ಕಿಯ ನ್ಯಾಯಾಲಯ ಒಂಬತ್ತು ವರ್ಷದ ಸೆರೆ, ಹತ್ತು ಲಕ್ಷ ರೂಬಲ್ ದಂಡ ವಿಧಿಸಿತು.

ಆರು ಗುಲಗಂಜಿಗೆ ಒಂಬತ್ತು ವರ್ಷ. ‘ಕಾನೂನು ಅಂದರೆ ಕಾನೂನು’ ಎನ್ನುವವರು ಈ ಎಣ್ಣೆಯ ಪ್ರಯಾಣವನ್ನು ಸ್ವಲ್ಪ ಹಿಂಬಾಲಿಸಬೇಕು. ಆಕೆ ಆಡುತ್ತಿದ್ದ ಅರಿಝೋನ ರಾಜ್ಯದಲ್ಲಿ ಜನ 2020ರಲ್ಲೇ ಮತ ಹಾಕಿ ವಯಸ್ಕರಿಗೆ ಗಾಂಜಾವನ್ನು ಕಾನೂನುಬದ್ಧ ಮಾಡಿಕೊಂಡಿದ್ದರು. ಆಕೆ ಹುಟ್ಟಿದ ಟೆಕ್ಸಸ್‌ನಲ್ಲಿ ಇದೇ ಎಣ್ಣೆ, ಒಂದು ಗ್ರಾಮಿಗಿಂತ ಕಡಿಮೆಯಿದ್ದರೂ, ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲಿಗೆ ಕಳಿಸಬಲ್ಲ ಅಪರಾಧ. ನಮ್ಮ ದೇಶದ 1985ರ ಮಾದಕವಸ್ತು ಕಾಯಿದೆಯ ಪ್ರಕಾರ ಇದು ಚರಸ್ಸಿನ ಗುಂಪಿಗೆ ಸೇರುತ್ತದೆ. ನೂರು ಗ್ರಾಮಿನವರೆಗೂ ‘ಅಲ್ಪ ಪ್ರಮಾಣ’ವೆನಿಸಿ, ಹೆಚ್ಚೆಂದರೆ ಒಂದು ವರ್ಷದ ಶಿಕ್ಷೆ. ಒಂದೇ ಎಣ್ಣೆ ಒಂದು ಕಡೆ ಅಂಗಡಿಯ ಸರಕು, ಇನ್ನೊಂದು ಕಡೆ ಒಂದು ವರ್ಷ, ಮತ್ತೊಂದು ಕಡೆ ಎರಡು, ಮಗದೊಂದು ಕಡೆ ಒಂಬತ್ತು. ಕಾನೂನಿಗೆ ಎಲ್ಲರೂ ತಲೆಬಾಗಬೇಕೆಂಬುದು ಸರಿ. ಆದರೆ ಕಾನೂನನ್ನು ಪಂಚಾಂಗದ ತಿಥಿಯಂತೆ ಆಕಾಶದಿಂದ ಇಳಿದದ್ದೆಂದು ಭಾವಿಸುವುದು ಬೇರೆ ಮಾತು.

ಇಷ್ಟಾದರೂ ನನ್ನ ಜಗಳ ರಷ್ಯದ ನ್ಯಾಯಾಧೀಶರೊಡನೆ ಅಲ್ಲ. ಅವರ ದಾರಿ ಅವರಿಗೆ, ಆ ವರ್ಷ ಅವರ ಸರ್ಕಾರಕ್ಕೆ ಏನು ಬೇಕಾಗಿತ್ತೆಂಬುದೂ ಲೋಕಕ್ಕೆ ಗೊತ್ತು. ನನ್ನ ಜಗಳ ಈಕೆಯ ಸ್ವದೇಶದಲ್ಲಿ ನಡೆದ ವಾದದೊಡನೆ, ಅದನ್ನು ಇಲ್ಲಿ ಕುಳಿತು ಗಿಳಿಪಾಠದಂತೆ ಒಪ್ಪಿಸಿದ ನಮ್ಮಂಥವರೊಡನೆ. ಆ ವಾದದಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಈ ಹೆಂಗಸು ಬಿಡುಗಡೆಗೆ ಯೋಗ್ಯಳೆ?

ಒಂದು ಪಕ್ಷದವರು ಹಳೆಯ ಕಡತ ತೆಗೆದರು. 2020ರಲ್ಲಿ, ಬ್ರಿಯೋನಾ ಟೇಲರ್ ಎಂಬ ಕರಿಯ ತರುಣಿ ತನ್ನ ಮನೆಯಲ್ಲೇ ಪೊಲೀಸರ ಗುಂಡಿಗೆ ಬಲಿಯಾದ ವರ್ಷದ ಬೇಸಗೆಯಲ್ಲಿ, ಗ್ರೈನರ್ ‘ಈ ಸಲದ ಪಂದ್ಯಗಳಿಗೆ ಮುಂಚೆ ರಾಷ್ಟ್ರಗೀತೆ ನುಡಿಸುವುದು ಬೇಡ’ ಎಂದಿದ್ದಳು. ಸಾಕು! ದೇಶವನ್ನು ದ್ವೇಷಿಸುವವಳಿಗೆ ದೇಶದ ಹಂಗೇಕೆ ಎಂಬ ಕೂಗು ಎದ್ದಿತು. ಆಗ ಮಾಜಿ ಅಧ್ಯಕ್ಷರಾಗಿದ್ದ ಟ್ರಂಪ್ ಮಹಾಶಯರು ಆಕೆ ಮಾದಕವಸ್ತು ತುಂಬಿಕೊಂಡು ಹೋದಳೆಂದರು. ಬಿಡುಗಡೆಯಾದ ಮೇಲೆ ದೇಶದ್ವೇಷಿಯೆಂದೂ ಕರೆದರು. ‘ತುಂಬಿಕೊಂಡು’ ಎಂಬ ಮಾತಿಗೆ ಆರು ಗುಲಗಂಜಿ ಸಾಕಾಗುವುದಾದರೆ ನಮ್ಮ ಮನೆಯ ಇಂಗಿನ ಡಬ್ಬಿಯೂ ಒಂದು ಉಗ್ರಾಣವೇ ಸರಿ. ಆಕೆಯ ತಂದೆ ವಿಯೆಟ್ನಾಂ ಯುದ್ಧದಲ್ಲಿ ದುಡಿದ ಸೈನಿಕ. ಸೆರೆಮನೆಯಿಂದ ಅಧ್ಯಕ್ಷ ಬೈಡನ್ನರಿಗೆ ಬರೆದ ಕಾಗದದಲ್ಲಿ ಆಕೆ ಅದನ್ನು ನೆನೆದಳು. ನನಗೆ ಆ ಕಾಗದ ಓದಿದಾಗ ಮರುಕಕ್ಕಿಂತ ನಾಚಿಕೆ ಹೆಚ್ಚಾಯಿತು. ಒಬ್ಬ ಪ್ರಜೆ ತನ್ನ ಸರ್ಕಾರದ ನೆರವು ಕೇಳುವುದಕ್ಕೆ ಅಪ್ಪನ ಸೇವಾಪುಸ್ತಕವನ್ನು ಲಗತ್ತಿಸಬೇಕಾಯಿತಲ್ಲ!

ಇನ್ನೊಂದು ಪಕ್ಷದವರು ಇವರಿಗಿಂತ ಒಳ್ಳೆಯವರೆಂದು ಬಹಳ ದಿನ ನಂಬಿದ್ದೆ. ಅವರು ಆಕೆಯ ಎರಡು ಒಲಿಂಪಿಕ್ ಚಿನ್ನದ ಪದಕಗಳನ್ನು ಎಣಿಸಿದರು, ಆಕೆಯ ಸಂಖ್ಯೆಯ ಅಂಗಿ ತೊಟ್ಟರು, ಸಭೆ ಸೇರಿದರು. ಆಕೆ ಗಂಡಾಗಿದ್ದರೆ, ಬಿಳಿಯಳಾಗಿದ್ದರೆ ಇಷ್ಟು ತಡವಾಗುತ್ತಿತ್ತೆ ಎಂದು ಕೇಳಿದರು, ಕೇಳಬೇಕಾದ ಪ್ರಶ್ನೆಯೇ. ಆದರೆ ಅವರ ಕೈಯಲ್ಲಿದ್ದುದೂ ಅದೇ ತಕ್ಕಡಿ. ಆ ಕಡೆಯವರು ರಾಷ್ಟ್ರಗೀತೆಯನ್ನು ಒಂದು ತಟ್ಟೆಗೆ ಹಾಕಿದರೆ ಈ ಕಡೆಯವರು ಪದಕವನ್ನು ಇನ್ನೊಂದಕ್ಕೆ ಹಾಕಿದರು. ಪದಕವಿಲ್ಲದವನ ಗತಿ?

ಪದಕವಿಲ್ಲದವನೊಬ್ಬ ಅದೇ ನಿಲ್ದಾಣದಲ್ಲಿ ಆರು ತಿಂಗಳ ಮುಂಚೆಯೇ ಸಿಕ್ಕಿಬಿದ್ದಿದ್ದ. ಹೆಸರು ಮಾರ್ಕ್ ಫೋಗೆಲ್. ಮಾಸ್ಕೋದ ಆಂಗ್ಲೋ-ಅಮೆರಿಕನ್ ಶಾಲೆಯಲ್ಲಿ ಚರಿತ್ರೆಯ ಪಾಠ ಹೇಳುತ್ತಿದ್ದ ಉಪಾಧ್ಯಾಯ. 2021ರ ಆಗಸ್ಟಿನಲ್ಲಿ ಆತನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಸುಮಾರು 17 ಗ್ರಾಮು ಗಾಂಜಾ. ಆತನೂ ಬೆನ್ನುನೋವಿಗೆ ವೈದ್ಯರ ಸಲಹೆಯ ಮೇಲೆ ಬಳಸುತ್ತಿದ್ದ. 2022ರ ಜೂನ್‌ನಲ್ಲಿ ಹದಿನಾಲ್ಕು ವರ್ಷದ ಶಿಕ್ಷೆಯಾಯಿತು. ಗ್ರೈನರ್ ಅನ್ಯಾಯವಾಗಿ ಬಂಧಿತಳೆಂದು ಅಮೆರಿಕ ಸರ್ಕಾರ ಘೋಷಿಸಲು ಮೂರು ತಿಂಗಳೂ ಹಿಡಿಯಲಿಲ್ಲ. ಮೇ ತಿಂಗಳಲ್ಲೇ ಆಯಿತು. ಅದೇ ಮಾತನ್ನು ಈ ಮೇಷ್ಟರ ವಿಷಯದಲ್ಲಿ ಹೇಳಲು ಅದಕ್ಕೆ 2024 ಬರಬೇಕಾಯಿತು. ಆ ವರ್ಷದ ಆಗಸ್ಟ್ 1ರಂದು ನಡೆದ ದೊಡ್ಡ ವಿನಿಮಯದಲ್ಲಿ ಪತ್ರಿಕೋದ್ಯೋಗಿ ಗೆರ್ಶ್‌ಕೊವಿಚ್ ಬಂದರು, ಪಾಲ್ ವೀಲನ್ ಬಂದರು. ಮೇಷ್ಟರು ಅಲ್ಲೇ ಉಳಿದರು. ಅಂಗಿಯ ಮೇಲೆ ಅಚ್ಚು ಹಾಕಲು ಆತನಿಗೆ ಸಂಖ್ಯೆಯಿರಲಿಲ್ಲ.

ಅದಂತಿರಲಿ. ಆಕೆ ಅಲ್ಲಿಗೆ ಹೋದದ್ದಾದರೂ ಏಕೆ ಎಂದು ನಮ್ಮ ಕೂಟದಲ್ಲಿ ಒಬ್ಬರು ಕೇಳಿದರು. ಯುದ್ಧದ ವಾಸನೆ ಬಡಿಯುತ್ತಿದ್ದ ಕಾಲದಲ್ಲಿ ಹೋಗಬೇಕಿತ್ತೆ? ಉತ್ತರ ಸರಳ: ಸಂಬಳ. ಅಮೆರಿಕದ ಮಹಿಳಾ ಸಂಘದಲ್ಲಿ 2022ರಲ್ಲಿ ಅತ್ಯುತ್ತಮ ಆಟಗಾರ್ತಿಗೆ ಸಿಗುತ್ತಿದ್ದ ಗರಿಷ್ಠ ಮೂಲವೇತನ ಸುಮಾರು 2,28,000 ಡಾಲರ್. ನಮಗೆ ಅದೇ ದೊಡ್ಡ ಗಂಟು, ಒಪ್ಪಿದೆ. ಆದರೆ ಅದೇ ದೇಶದ ಪುರುಷರ ಸಂಘದಲ್ಲಿ ಚೆಂಡನ್ನು ಅದೇ ಬುಟ್ಟಿಗೆ ಹಾಕಲು ಹೊಸದಾಗಿ ಬಂದ ಹುಡುಗನ ಕನಿಷ್ಠ ಸಂಬಳವೇ ಆ ಸಾಲಿನಲ್ಲಿ ಹತ್ತು ಲಕ್ಷ ಡಾಲರನ್ನು ದಾಟಿತ್ತು. ಉರಾಲ್ ಬೆಟ್ಟಗಳ ಆಚೆಯ ಯೆಕತೆರಿನ್‌ಬರ್ಗ್ ತಂಡದವರು ಆಕೆಗೆ ಹತ್ತು ಲಕ್ಷಕ್ಕೂ ಮಿಕ್ಕಿ ಕೊಡುತ್ತಿದ್ದರು. ಆ ತಂಡದ ಔದಾರ್ಯ ಎಂಥದೆಂದರೆ, ಡಯಾನಾ ಟಾರಾಸಿ ಎಂಬ ಆಟಗಾರ್ತಿಗೆ 2015ರ ಬೇಸಗೆಯಲ್ಲಿ ತನ್ನ ದೇಶದಲ್ಲಿ ಆಡದೆ ವಿಶ್ರಾಂತಿ ತೆಗೆದುಕೊಳ್ಳುವುದಕ್ಕೇ ಹಣ ಕೊಟ್ಟಿತ್ತು. ಆಕೆ ಮನೆಯಲ್ಲಿ ಸುಮ್ಮನೆ ಕುಳಿತು ಗಳಿಸಿದ್ದು ಸ್ವದೇಶದಲ್ಲಿ ಬೆವರು ಸುರಿಸಿ ಗಳಿಸುತ್ತಿದ್ದುದಕ್ಕಿಂತ ಹೆಚ್ಚು. ಚಳಿಗಾಲವೆಲ್ಲ ಪರದೇಶದ ಹಿಮದಲ್ಲಿ ದುಡಿಯಲು ಹೋದ ಹೆಂಗಸನ್ನು ‘ದೇಶಪ್ರೇಮ ಎಲ್ಲಿ’ ಎಂದು ಕೇಳುವ ಮುಂಚೆ, ದೇಶ ಆಕೆಗೆ ಕೊಟ್ಟ ಸಂಬಳದ ಚೀಟಿಯನ್ನೂ ನೋಡುವುದು ಮರ್ಯಾದೆ.

ಆ ತಂಡದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. 2022ರ ಜುಲೈ ತಿಂಗಳಲ್ಲಿ, ಎರಡು ದೇಶಗಳೂ ಒಂದನ್ನೊಂದು ಶಪಿಸುತ್ತಿದ್ದಾಗ, ತಂಡದ ನಾಯಕಿ ಬೆಲ್ಯಕೋವಾ ಮತ್ತು ನಿರ್ದೇಶಕ ರ್‍ಯಬ್ಕೋವ್ ರಷ್ಯದ ನ್ಯಾಯಾಲಯಕ್ಕೇ ಬಂದು ನಿಂತು ಗ್ರೈನರ್ ಒಳ್ಳೆಯವಳೆಂದು ಸಾಕ್ಷಿ ನುಡಿದರು. ಆಕೆಯ ಸ್ವದೇಶದ ಕೆಲವು ಮಹನೀಯರ ಬಾಯಲ್ಲಿ ಅಷ್ಟು ಮಾತೂ ಬರಲಿಲ್ಲ.

ಕೊನೆಗೆ 2022ರ ಡಿಸೆಂಬರ್ 8ರಂದು ಅಬುಧಾಬಿಯಲ್ಲಿ ವಿನಿಮಯವಾಯಿತು. ಅಷ್ಟು ಹೊತ್ತಿಗೆ ಆಕೆಯನ್ನು ಮೊರ್ದೋವಿಯದ ಸೆರೆಶಿಬಿರಕ್ಕೆ ಸಾಗಿಸಿ ಹೊಲಿಗೆಯ ಕೆಲಸಕ್ಕೆ ಹಚ್ಚಿದ್ದರು. ಒದ್ದೆಗೂದಲು ಚಳಿಗೆ ಹೆಪ್ಪುಗಟ್ಟುತ್ತಿದ್ದುದರಿಂದ ಜಡೆಗಳನ್ನು ಕತ್ತರಿಸಿಕೊಂಡಿದ್ದಳು. ಆಕೆಗೆ ಬದಲಾಗಿ ಅಮೆರಿಕ ಕೊಟ್ಟದ್ದು ವಿಕ್ಟರ್ ಬೂಟ್ ಎಂಬ ಶಸ್ತ್ರಾಸ್ತ್ರ ವ್ಯಾಪಾರಿಯನ್ನು. 2008ರಲ್ಲಿ ಬ್ಯಾಂಕಾಕಿನಲ್ಲಿ ಸಿಕ್ಕಿಬಿದ್ದು ಇಪ್ಪತ್ತೈದು ವರ್ಷದ ಶಿಕ್ಷೆ ಅನುಭವಿಸುತ್ತಿದ್ದ ಈತ ಸಾಮಾನ್ಯ ಆಸಾಮಿಯಲ್ಲ. ಊರಿಗೆ ಮರಳಿದ ಮರುವರ್ಷವೇ ಉಲ್ಯಾನೊವ್‌ಸ್ಕ್ ಪ್ರಾಂತದ ಶಾಸನಸಭೆಗೆ ಆರಿಸಿ ಬಂದ. ಇಂಥವನನ್ನು ಬಿಟ್ಟದ್ದು ದುಬಾರಿ ಬೆಲೆಯೆಂಬ ಆಕ್ಷೇಪಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಹೀಗೆ ಕೊಡುತ್ತ ಹೋದರೆ ನಾಳೆ ಇನ್ನೊಬ್ಬನನ್ನು ಹಿಡಿಯಲು ಆಸೆ ಹುಟ್ಟುತ್ತದೆಂಬ ವಾದಕ್ಕೆ ನನ್ನಲ್ಲಿ ಪೂರ್ಣ ಉತ್ತರವೂ ಇಲ್ಲ. 2023ರ ಮಾರ್ಚಿನಲ್ಲಿ ಗೆರ್ಶ್‌ಕೊವಿಚ್ಚರನ್ನು ಹಿಡಿದದ್ದು ಆ ವಾದಕ್ಕೇ ಬಲಕೊಟ್ಟಿತು.

ಆದರೆ ಆ ವಾದ ಮಾಡುವವರು ಅದನ್ನು ಎಲ್ಲರಿಗೂ ಅನ್ವಯಿಸಬೇಕು. ಅದೇ 2022ರ ಏಪ್ರಿಲ್‌ನಲ್ಲಿ ಟ್ರೆವರ್ ರೀಡ್ ಎಂಬ ಮಾಜಿ ನೌಕಾಯೋಧನನ್ನು ಬಿಡಿಸಲು ಅಮೆರಿಕ ಕೊಟ್ಟದ್ದು ಯಾರೋಷೆಂಕೊ ಎಂಬ ವಿಮಾನಚಾಲಕನನ್ನು. ಕೊಕೇನ್ ಸಾಗಿಸುವ ಒಳಸಂಚಿಗಾಗಿ ಇಪ್ಪತ್ತು ವರ್ಷದ ಶಿಕ್ಷೆಯಾಗಿದ್ದವನು ಅವನು. ಮಾದಕವಸ್ತುವಿನ ಹೆಸರು ಕೇಳಿದರೇ ಮೈಯುರಿಯುವವರಿಗೆ ಅಂದು ಮೈ ಉರಿಯಲಿಲ್ಲ. ‘ವೀಲನ್‌ರನ್ನು ಬಿಟ್ಟು ಆಟಗಾರ್ತಿಯನ್ನು ತಂದರಲ್ಲ’ ಎಂಬ ಅಳಲನ್ನೂ ನೋಡಿ. ವೀಲನ್ ಗೂಢಚಾರನೆಂಬ ಆರೋಪದ ಮೇಲೆ 2018ರಿಂದ ಸೆರೆಯಲ್ಲಿದ್ದವರು. ರಷ್ಯ ಅವರನ್ನು ಕೊಡಲು ಒಪ್ಪಲಿಲ್ಲ. ಒಬ್ಬಳು ಬರಬಹುದಿತ್ತು ಇಲ್ಲವೇ ಯಾರೂ ಇಲ್ಲ. ಅಂದು ವೀಲನ್ ಅವರ ಸೋದರನೇ ‘ಗ್ರೈನರ್‌ಳನ್ನು ಕರೆತಂದದ್ದು ಸರಿಯಾದ ತೀರ್ಮಾನ’ ಎಂದರು. ಸಂಕಟಪಡುತ್ತಿದ್ದವರು ಅಷ್ಟು ದೊಡ್ಡ ಮನಸ್ಸು ಮಾಡಿದರೆ, ಅವರ ಸಂಕಟವನ್ನು ಎರವಲು ಪಡೆದವರು ವಾರಗಟ್ಟಲೆ ಕೂಗಾಡಿದರು.

ಇದನ್ನೆಲ್ಲ ಕೂಟದಲ್ಲಿ ಹೇಳಿದಾಗ ವಕೀಲ ಮಿತ್ರರು, “ಪ್ರಸಿದ್ಧರಿಗೊಂದು ನ್ಯಾಯ, ಬಡಪಾಯಿಗೊಂದು ನ್ಯಾಯ ಇರಬಾರದು ರೀ” ಎಂದರು. ಅವರಿಗೆ 2000ದ ಇಸವಿಯನ್ನು ನೆನಪಿಸಿದೆ. ಜುಲೈ 30ರಂದು ವೀರಪ್ಪನ್ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಕಾಡಿಗೆ ಒಯ್ದ. ಎರಡು ರಾಜ್ಯದ ಸರ್ಕಾರಗಳು ಟಾಡಾ ಬಂದಿಗಳ ಮೇಲಿನ ಮೊಕದ್ದಮೆಗಳನ್ನು ಕೈಬಿಡಲು ಸಿದ್ಧವಾದುವು. ವೀರಪ್ಪನ್ ಕೊಂದ ಒಬ್ಬ ಪೊಲೀಸ್ ಅಧಿಕಾರಿಯ ವೃದ್ಧ ತಂದೆ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ತಡೆದರು. ಆ ತಂದೆಯ ಮಾತು ನ್ಯಾಯವಾದದ್ದೆಂದು ಇಂದು ಎಲ್ಲರೂ ಹೇಳುತ್ತೇವೆ. ಅಂದು? 108 ದಿನ ನಮ್ಮ ಮಿತ್ರರು ಶನಿವಾರದ ಊಟ ಬಿಟ್ಟಿದ್ದರು, ನಾನು ರೇಡಿಯೋ ಬಿಟ್ಟು ಏಳುತ್ತಿರಲಿಲ್ಲ. ಕೊಟ್ಟಾದರೂ ಕರೆತನ್ನಿ ಎಂದೇ ಇಬ್ಬರ ಮನಸ್ಸಿನಲ್ಲೂ ಇತ್ತು. ಮಿತ್ರರು ಉತ್ತರ ಕೊಡಲಿಲ್ಲ. ನನ್ನಲ್ಲೂ ಇರಲಿಲ್ಲ.

2025ರ ಫೆಬ್ರವರಿ 11ರಂದು ಮಾರ್ಕ್ ಫೋಗೆಲ್ ಕೊನೆಗೂ ಮನೆಗೆ ಬಂದರು. ಮತ್ತೆ ಅಧ್ಯಕ್ಷರಾಗಿದ್ದ ಟ್ರಂಪ್ ಶ್ವೇತಭವನದಲ್ಲಿ ಅವರನ್ನು ಸ್ವಾಗತಿಸಿದರು. ಸಂತೋಷ, ಯಾರು ಕರೆತಂದರೂ ಸಂತೋಷವೇ. ಈ ಸಲವೂ ಬದಲಿಗೆ ಒಬ್ಬ ರಷ್ಯನ್ ಬಂದಿಯನ್ನು ಬಿಟ್ಟರು. ಆದರೆ ‘ತುಂಬಿಕೊಂಡು ಹೋದವನು’ ಎಂದು ಅರಮನೆಯಿಂದ ಯಾರೂ ಅನ್ನಲಿಲ್ಲ, ರಾಷ್ಟ್ರಗೀತೆಯ ಬಗ್ಗೆ ಆತನ ಅಭಿಪ್ರಾಯವೇನೆಂದು ಯಾರೂ ವಿಚಾರಿಸಲಿಲ್ಲ.

ಮಾರನೆಯ ಸಂಜೆ ವಕೀಲ ಮಿತ್ರರು ಪತ್ರಿಕೆಯಲ್ಲಿ ಅವರ ಚಿತ್ರ ನೋಡುತ್ತ, “ಪಾಪ, ಮೇಷ್ಟರು. ಮೂರೂವರೆ ವರ್ಷ ಅನ್ಯಾಯವಾಗಿ ಕೊಳೆತರು” ಎಂದರು.

“ಪೆಟ್ಟಿಗೆಯಲ್ಲಿ ಏನಿತ್ತಂತೆ?” ಎಂದೆ.

“ಬೆನ್ನುನೋವಿಗೆ ಏನೋ ಔಷಧ ಇತ್ತಂತೆ ಸ್ವಾಮಿ.”

“ಗ್ರೈನರ್ ಪೆಟ್ಟಿಗೆಯಲ್ಲಿ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಅದು ಬೇರೆ ಬಿಡಿ,” ಎಂದರು.