ಬಣ್ಣದ ಹಿಂದಿನ ಗೋಡೆ

ಬಸವನಗುಡಿಯ ಗಾಂಧಿ ಬಜಾರಿಗೆ ಕೂಗಳತೆಯ ದೂರದಲ್ಲಿರುವ ಹಳೆಯ ಮನೆಯೊಂದರ ಅರ್ಧ ಭಾಗವನ್ನು ಕಳೆದ ಬೇಸಿಗೆಯಲ್ಲಿ ನಾನು ಬಾಡಿಗೆಗೆ ಹಿಡಿದೆ. ಕೆಂಪು ಗಾರೆಯ ನೆಲ, ತೇಗದ ಬಾಗಿಲು, ಕಿಟಕಿಗಳ ಮೇಲೆ ಮರದ ‘ಮಂಕಿ ಟಾಪ್’. ಒಳಗೆಲ್ಲ ಹೊಸ ಬಣ್ಣ, ಹೊಸ ಅಡುಗೆಮನೆ. ‘ಪಾರಂಪರಿಕ ಮನೆ, ಸಂಪೂರ್ಣ ನವೀಕರಿಸಿದ್ದು’ ಎಂದು ದಲ್ಲಾಳಿ ಬಣ್ಣಿಸಿದ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ತೆತ್ತು, ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿದೆ. ಆಷಾಢದ ಮಳೆ ಹಿಡಿದ ಎರಡನೆಯ ವಾರಕ್ಕೇ ಮಲಗುವ ಕೋಣೆಯ ಗೋಡೆಯ ಬಣ್ಣ ಗುಳ್ಳೆಯೆದ್ದು ಉದುರತೊಡಗಿತು.

ಕಾರಣ ಗೂಢವೇನಲ್ಲ. ಹಿಂದಿನವರು ಇಟ್ಟಿಗೆಯ ಗೋಡೆಗೆ ಸುಣ್ಣದ ಗಾರೆ ಮಾಡಿಸುತ್ತಿದ್ದರು. ಅದು ಹೀರಿಕೊಂಡ ತೇವವನ್ನು ಮತ್ತೆ ಗಾಳಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿ, ಹೊಳೆಯುವ ಬಣ್ಣ ಬಳಿದರೆ ತೇವ ಒಳಗೇ ಸೆರೆಯಾಗುತ್ತದೆ. ಸಾಲದ್ದಕ್ಕೆ, ಸೂರಿನಡಿಯ ಗವಾಕ್ಷಿಗಳನ್ನೂ ಹವಾನಿಯಂತ್ರಣ ಯಂತ್ರಕ್ಕಾಗಿ ಮುಚ್ಚಿಬಿಟ್ಟಿದ್ದರು.

ಇದರಲ್ಲೊಂದು ವಿಪರ್ಯಾಸವಿದೆ. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದೇ ಗಾಳಿ-ಬೆಳಕಿನ ಆಸೆಯಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಈ ಬಡಾವಣೆಗಳು ಆಸರೆಯಾದವು. ನೇರವಾದ ಅಗಲ ರಸ್ತೆಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳು, ಸುತ್ತ ಖಾಲಿ ಜಾಗ: ಎಲ್ಲದರ ಹಿಂದೆಯೂ ಆರೋಗ್ಯದ ಕಾಳಜಿಯಿತ್ತು. ಆ ಕಾಳಜಿಯನ್ನು ಮುಚ್ಚಿ ಮರದ ಅಲಂಕಾರವನ್ನಷ್ಟೇ ಉಳಿಸಿಕೊಂಡರೆ ಅದನ್ನು ಪರಂಪರೆಯ ರಕ್ಷಣೆ ಎನ್ನಲಾದೀತೆ?

ಹಾಗೆಂದು ಮಾಲೀಕರನ್ನು ದೂರುವುದು ನನ್ನ ಉದ್ದೇಶವಲ್ಲ. ಈ ಬೀದಿಯಲ್ಲಿ ಹಳೆಯ ಮನೆಯನ್ನು ಕೆಡವಿ ನಾಲ್ಕು ಅಂತಸ್ತು ಎಬ್ಬಿಸುವುದೇ ಲಾಭದ ದಾರಿ. ಆ ಆಮಿಷವನ್ನು ಮೀರಿ ಮನೆಯನ್ನು ಉಳಿಸಿಕೊಂಡವರು ಕೃತಜ್ಞತೆಗೆ ಅರ್ಹರು. ಸುಣ್ಣದ ಗಾರೆ ಬಲ್ಲ ಕೆಲಸಗಾರರು ಸಿಗುವುದು ಕಷ್ಟ. ಸಿಕ್ಕರೂ ಕೂಲಿ ಹೆಚ್ಚು. ಆ ಹೊರೆಯನ್ನು ಅವರೊಬ್ಬರೇ ಹೊರಬೇಕೆಂದು ಬಯಸುವುದು ನ್ಯಾಯವಲ್ಲ.

ಆದರೆ ಗೋಡೆಯ ತೇವ ಮೊದಲು ತಟ್ಟುವುದು ಬಾಡಿಗೆದಾರನಿಗೆ. ಅವನು ಬಾಯಿ ಬಿಡಲಾರ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾದ್ದರಿಂದ ಹನ್ನೊಂದು ತಿಂಗಳ ಕರಾರು ಲೋಕರೂಢಿಯಾಗಿದೆ. ಅವಧಿ ಮುಗಿದಾಗ ‘ಖಾಲಿ ಮಾಡಿ’ ಎಂದರೆ ಹೊರಡಬೇಕು. ಮುಂಗಡ ಹಣವಂತೂ ಅವರ ಕೈಯಲ್ಲಿಯೇ ಇದೆ. ಗೋಡೆಯ ಬಗ್ಗೆ ದೂರುವ ಮುನ್ನ ನಾನೂ ಮೂರು ವಾರ ಹಿಂದೆಮುಂದೆ ನೋಡಿದೆ. ಕೊನೆಗೆ ಹೇಳಿದಾಗ ಸಿಕ್ಕಿದ್ದು ಇನ್ನೊಂದು ಕೋಟು ಬಣ್ಣ.

ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗಳ ಮುಂಗಡಕ್ಕೆ ಎರಡು ತಿಂಗಳ ಬಾಡಿಗೆಯ ಮಿತಿ ಹಾಕಿತು. ದುರಸ್ತಿಯ ಹೊಣೆ ಯಾರದೆಂಬುದನ್ನೂ ವಿಂಗಡಿಸಿತು. ಆದರೆ ಮಾದರಿಗೆ ಬಲ ಬರುವುದು ರಾಜ್ಯಗಳು ಅದನ್ನು ತಮ್ಮ ಕಾನೂನಾಗಿಸಿಕೊಂಡಾಗ ಮಾತ್ರ.

ಹಳೆಯ ಬಡಾವಣೆಗಳಿಗಾದರೂ ಒಂದು ಹೆಜ್ಜೆ ಮುಂದಿಡಬಹುದು. ಮನೆಯನ್ನು ಕೆಡವದೆ, ಅದರ ಗುಣಕ್ಕೆ ಒಪ್ಪುವಂತೆ ದುರಸ್ತಿ ಮಾಡಿಸಿ, ಮೂರು ವರ್ಷದ ನೋಂದಾಯಿತ ಕರಾರು ಬರೆದುಕೊಡುವ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ಗಣನೀಯ ರಿಯಾಯಿತಿ ಕೊಡಲಿ. ನೋಂದಣಿ ಶುಲ್ಕವನ್ನೂ ಇಳಿಸಲಿ. ಮಾಲೀಕರಿಗೆ ಖರ್ಚಿನ ಒಂದಂಶ ಮರಳುತ್ತದೆ, ಬಾಡಿಗೆದಾರನಿಗೆ ಮಾತನಾಡುವ ಧೈರ್ಯ ಬರುತ್ತದೆ. ಪಾಲಿಕೆಗೆ ಆಗುವ ನಷ್ಟ, ಕೆಡವಿದ ಮನೆಯನ್ನು ಮತ್ತೆ ಕಟ್ಟಲಾಗದ ನಷ್ಟಕ್ಕಿಂತ ಹಗುರವಾದದ್ದು.

ನನ್ನ ಕರಾರು ಮುಗಿಯಲು ಎರಡು ತಿಂಗಳು ಉಳಿದಿದೆ. ಮೊನ್ನೆ ಮಾಲೀಕರ ಅನುಮತಿ ಪಡೆದು, ನನ್ನ ಖರ್ಚಿನಲ್ಲಿಯೇ ಒಂದು ಗವಾಕ್ಷಿಯನ್ನು ತೆರೆಸಿದೆ. ಮುಂದಿನ ಮಳೆಗಾಲಕ್ಕೆ ಆ ಗಾಳಿಯನ್ನು ಉಸಿರಾಡುವವನು ನಾನೋ ಇನ್ನೊಬ್ಬನೋ ತಿಳಿಯದು.